ತಂಪಾದ, ಒಣ ಜಾಗ

ಹೊರಡುವ ಮೊದಲು, ಮೊಳಕಾಲ್ಮೂರು

ಪಟ್ಟಿಗಳು ಚೆನ್ನಾಗಿಯೇ ಇದ್ದವು, ಇಟ್ಟುಕೊಳ್ಳಲು ಜನಕ್ಕೆ ಬರಲಿಲ್ಲ. ನಮ್ಮ ಕೆಲಸದ ಬಗ್ಗೆ ಯಾರನ್ನು ಕೇಳಿದರೂ ಸಿಗುವ ಕತೆ ಇದು. ನಮ್ಮ ಗೈಡ್ ಸರ್ ಹೀಗೆ ಹೇಳುತ್ತಾರೆ, ನಾನು ಸಂಶೋಧನೆ ಮಾಡುವ ಸಂಸ್ಥೆಯ ಕ್ಯಾಂಟೀನಿನಲ್ಲಿ ಹೀಗೆ ಹೇಳುತ್ತಾರೆ, ನಾನು ಫಿನ್‌ಲ್ಯಾಂಡಿಗೆ ಕಾಲಿಡುವ ಮುಂಚೆ ಈ ಕತೆ ಅಲ್ಲಿಗೂ ಹೋಗಿ ಮುಟ್ಟಿತ್ತು. ಚಳ್ಳಕೆರೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿಳಿದವಳು ನಾನು. ಅಲ್ಲಿ ಕಲಿತದ್ದು ಇಷ್ಟು: ಹತ್ತು ಜನ ಒಂದೇ ವಾಕ್ಯವನ್ನು ಅವೇ ಪದಗಳಲ್ಲಿ ಹೇಳುತ್ತಿದ್ದರೆ, ಹತ್ತರಲ್ಲಿ ಒಬ್ಬರೂ ಹೋಗಿ ನೋಡಿಲ್ಲ ಎಂದರ್ಥ. ನಾನು ಹೋಗಿ ನೋಡಿದೆ. ನೋಡಿದ್ದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದೇನಿದೆ?

ಪಟ್ಟಿ ಅಂದರೆ, ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ರಕ್ತ ಹಚ್ಚುತ್ತಾರಲ್ಲ, ಅದು. ನಮ್ಮದು ಹೊಸ ಬಗೆಯದು. ಮಾಡಿದ್ದು ಫಿನ್‌ಲ್ಯಾಂಡಿನ ಪ್ರಯೋಗಾಲಯ, ಜನರ ಮನೆಗಳಲ್ಲಿ ಇಟ್ಟು ಪರೀಕ್ಷಿಸಿದ್ದು ನಮ್ಮ ಸಂಸ್ಥೆ. ಪಟ್ಟಿಯ ತುದಿಯಲ್ಲಿ ಸಾಸಿವೆಯಷ್ಟು ಜಾಗಕ್ಕೆ ತೆಳ್ಳನೆಯ ಪದರವೊಂದನ್ನು ಬಳಿದಿರುತ್ತಾರೆ, ಅದರೊಳಗೆ ಕಿಣ್ವ. ರಕ್ತದ ಸಕ್ಕರೆಯ ಮೇಲೆ ಕಿಣ್ವ ಕೆಲಸ ಮಾಡಿದಾಗ ಪೆರಾಕ್ಸೈಡ್ ಹುಟ್ಟುತ್ತದೆ, ಮೀಟರ್ ಅದನ್ನು ಅಳೆದು ಅಂಕಿ ತೋರಿಸುತ್ತದೆ. ಕಿಣ್ವ ಸತ್ತಿದ್ದರೆ ಅಂಕಿ ಕಡಿಮೆ ಬರುತ್ತದೆ. ಸಕ್ಕರೆ ಇಳಿದದ್ದಕ್ಕೂ ಕಿಣ್ವ ಸತ್ತದ್ದಕ್ಕೂ ಇರುವ ವ್ಯತ್ಯಾಸ ಮೀಟರಿಗೆ ತಿಳಿಯುವುದಿಲ್ಲ.

ದೊಡ್ಡವ್ವನಿಗೂ ತಿಳಿಯಲಿಲ್ಲ. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಮನೆಯಲ್ಲಿ ಎರಡು ಮಗ್ಗ, ಇಬ್ಬರು ಗಂಡುಮಕ್ಕಳು ನೇಯುತ್ತಾರೆ, ಸೆರಗಿನ ಬುಟ್ಟಾ ನೇಯುವವಳು ಇವತ್ತಿಗೂ ಅವಳೇ. ಬೇಸಿಗೆಯಲ್ಲಿ ನಮ್ಮ ಪಟ್ಟಿ ದಿನಾ ಒಳ್ಳೊಳ್ಳೆಯ ಅಂಕಿ ತೋರಿಸಿತು. ಮಾತ್ರೆ ಬದಲಿಸಬೇಡಿ ಎಂದು ನಾವು ಹೇಳಿದ್ದೆವು, ನಿಜ. ಆದರೆ ಸಕ್ಕರೆ ಇಳಿದಿದೆ ಎಂದು ದಿನಾ ಹೇಳುತ್ತಿದ್ದವರೂ ನಾವೇ. ಅವಳು ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು. ಮಗ್ಗದ ಕಾಲುಹಲಗೆಗೆ ತಗುಲಿ ಹೆಬ್ಬೆರಳಿಗಾದ ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರೆ ಸಕ್ಕರೆ ನಮ್ಮ ಪಟ್ಟಿ ಹೇಳಿದ್ದರ ಎರಡರಷ್ಟಕ್ಕಿಂತಲೂ ಮೇಲೆ. ಬೆರಳು ಉಳಿಯಿತು, ಉಗುರು ಉಳಿಯಲಿಲ್ಲ.

ಏನು ಕೆಟ್ಟಿತೆಂದು ಅವರ ಯಂತ್ರದಲ್ಲೇ ನೋಡಲು, ಫಿನ್‌ಲ್ಯಾಂಡಿಗೆ ಒಯ್ಯುವುದಕ್ಕೆ ನಾನು ಮನೆಮನೆಯಿಂದ ಹನ್ನೆರಡು ಡಬ್ಬಿ ಪಟ್ಟಿ ವಾಪಸ್ ತಂದೆ. ದೊಡ್ಡವ್ವನ ಡಬ್ಬಿ ಮಗ್ಗದ ಗುಂಡಿಯೊಳಗಿನ ಗೂಡಿನಲ್ಲಿತ್ತು. ನೇಯುವವರು ಕಾಲಿಳಿಬಿಟ್ಟು ಕೂರುವ ಗುಂಡಿ ಅದು. ರೇಷ್ಮೆ ಎಳೆ ಒಣಗಿ ಹರಿಯದಿರಲಿ ಎಂದು ಅಲ್ಲಿ ಆಗಾಗ ನೀರು ಚಿಮುಕಿಸುತ್ತಾರೆ. ಇಲ್ಯಾಕೆ ಇಟ್ಟೆ ಅಂದೆ.

“ತಂಪಿರೋ ಕಡೆ ಇಡ್ರಿ ಅಂತ ನೀನೇ ಬರ್ದಿದ್ಯಲ್ಲೇ. ಗುಂಡಿಗಿಂತ ತಂಪು ಈ ಮನೇಲಿ ಇನ್ನೆಲ್ಲೈತೆ?”

ಹೌದು, ಡಬ್ಬಿಯ ಜೊತೆ ಕೊಟ್ಟ ಸೂಚನೆಯ ಚೀಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. “ತಂಪಾದ, ಒಣ ಜಾಗದಲ್ಲಿ ಇಡಿ” ಎಂದು ಬರೆದಿದ್ದೆ. ಪಕ್ಕದ ಮನೆಯ ಓಬಣ್ಣ ಒಣ ಎಂಬ ಪದವನ್ನು ಹಿಡಿದುಕೊಂಡಿದ್ದ. ಅವನ ಡಬ್ಬಿ ತಗಡಿನ ಸೂರಿನ ಕೆಳಗೆ, ಅಟ್ಟದ ಮೇಲೆ, ಹುಣಸೆಹಣ್ಣಿನ ಜಾಡಿಯ ಪಕ್ಕ ಇತ್ತು. ಏಪ್ರಿಲ್ ತಿಂಗಳಲ್ಲಿ ಆ ಅಟ್ಟಕ್ಕೆ ಕೈಚಾಚಿ ನೋಡಿ, ಒಲೆಯೊಳಗೆ ಕೈ ಇಟ್ಟ ಹಾಗಿರುತ್ತದೆ. ಯಾಕೋ ಅನುಮಾನ ಬಂದು, ಪ್ರತಿ ಡಬ್ಬಿಯ ಮೇಲೂ ಅದು ಎಲ್ಲಿತ್ತೆಂದು ಬರೆದುಕೊಂಡೆ.

ಬಸ್‌ಸ್ಟಾಪು

ಹೋದ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಜಗಳ ಊರಿನ ಜೊತೆಗಲ್ಲ. ಫಿನ್‌ಲ್ಯಾಂಡಿನ ಕಡಲಂಚಿನ ಊರು, ಜನವರಿ, ಕಾಲ ಕೆಳಗೆ ಕರಕರ ಅನ್ನುವ ಹಿಮ, ಅಷ್ಟು ಸಾಕು.

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಶೇಂಗಾಪುಡಿಯನ್ನು ಬಿಟ್ಟು ಡಬ್ಬಿಗಳನ್ನು ಹಿಡಿದುಕೊಂಡ. ಮೇಲಿರುವ ಬರಹ ರೋಗಿಗಳ ಹೆಸರೇ ಎಂದು ಕೇಳಿದ. ಅಲ್ಲ, “ಮಗ್ಗದ ಗುಂಡಿ”, “ಅಟ್ಟ”, “ನೀರಿನ ಗಡಿಗೆ ಪಕ್ಕ” ಎಂದು ಬರೆದಿದೆ ಅಂದೆ. ಮನೆಯಲ್ಲಿ ಗುಂಡಿ ಯಾಕಿರುತ್ತದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆನೇನೋ.

ಬಸ್‌ಸ್ಟಾಪಿನಲ್ಲಿ ಒಬ್ಬೊಬ್ಬರ ನಡುವೆ ಎಮ್ಮೆ ಮಲಗುವಷ್ಟು ಜಾಗ ಬಿಟ್ಟು ಜನ ನಿಂತಿದ್ದರು. ಅಭ್ಯಾಸದಂತೆ ಹೋಗಿ ಒಬ್ಬಾಕೆಯ ಪಕ್ಕ ನಿಂತೆ. ಆಕೆ ಮೆಲ್ಲಗೆ ಒಂದು ಎಮ್ಮೆಯಷ್ಟು ಸರಿದಳು. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜಾಗ ಬಿಟ್ಟರೆ ಅಲ್ಲೊಂದು ಕಡಲೆಕಾಯಿ ಗಾಡಿ ಬಂದು ನಿಲ್ಲುತ್ತದೆ.

ಪ್ರಯೋಗಾಲಯದ ಮುಖ್ಯಸ್ಥೆ ಹೆಲ್ಮಿ, ನಮ್ಮ ಅವ್ವನ ವಯಸ್ಸಿನ ಪ್ರೊಫೆಸರ್. ನಾನು ಮೇಡಂ ಅಂದಾಗ ಹಿಂದೆ ಯಾರೋ ಬಂದರೆಂದು ತಿರುಗಿ ನೋಡಿದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಜನ, ಹೆಸರಿನ ಹಿಂದೆ ಮುಂದೆ ಏನನ್ನೂ ಸೇರಿಸುವುದಿಲ್ಲ. ಮಾತಿಗೆ ಹೂಂಗುಟ್ಟುವಾಗ ಉಸಿರನ್ನು ಸರ್ರನೆ ಒಳಗೆಳೆದುಕೊಂಡು “ಯೋ” ಅನ್ನುತ್ತಾರೆ. ಮೊದಲ ದಿನ ಹೆಲ್ಮಿ ನನ್ನ ಮಾತಿಗೆ ನಾಲ್ಕು ಸಲ “ಯೋ” ಅಂದರು. ನಮ್ಮ ಕಡೆ ಯೋ ಅಂದರೆ ಗಂಡಸನ್ನು ಜಗಳಕ್ಕೆ ಕರೆದ ಹಾಗೆ. ಅದು ಒಪ್ಪಿಗೆ ಎಂದು ಯಾರೋ ಬಿಡಿಸಿ ಹೇಳಿದ ಮೇಲೆ ಖುಷಿಪಟ್ಟೆ. ಆ ಖುಷಿ ದುಡುಕಾಗಿತ್ತು.

ನನಗೆ ಕೊಟ್ಟ ಕೋಣೆಯ ಕಿಟಕಿಗೆ ಮೂರು ಪದರ ಗಾಜು. ಹೊರಗೆ ಮೂಗು ಮರಗಟ್ಟುವ ಚಳಿಯಿದ್ದರೂ ಒಳಗೆ ಹಗಲೂ ರಾತ್ರಿ ಒಂದೇ ಹದ. ಒಗೆದು ಹಾಕಿದ ಚೂಡಿದಾರ ಸಂಜೆಯೊಳಗೆ ಹಪ್ಪಳದಂತೆ ಒಣಗುತ್ತಿತ್ತು, ತುಟಿ ಬಿರಿಯುತ್ತಿತ್ತು. ಡಬ್ಬಿಗಳನ್ನು ಎಲ್ಲಿಡಲಿ ಎಂದು ಸುತ್ತ ನೋಡಿದೆ. ಮೇಜು, ಕಪಾಟು, ಮಂಚದ ಕೆಳಗೆ, ಎಲ್ಲಿಟ್ಟರೂ ಸರಿಯೇ. ಇಡೀ ದೇಶವೇ ತಂಪಾದ, ಒಣ ಜಾಗ. ಚೀಟಿಯ ವಾಕ್ಯ ಎಲ್ಲಿ ಹುಟ್ಟಿತು ಎಂಬುದು ನನಗೆ ತಿಳಿದದ್ದು ಆಗ. ಇದನ್ನು ಬರೆದವರು ಹುಡುಕದೆ ಸಿಗುವುದನ್ನು ಬರೆದಿದ್ದರು.

ನೆಲಮಾಳಿಗೆ

ಯಂತ್ರ ಇದ್ದದ್ದು ನೆಲಮಾಳಿಗೆಯಲ್ಲಿ. ಹೆಸರಿಗೆ ಸೂಕ್ಷ್ಮದರ್ಶಕ, ಆದರೆ ಕಣ್ಣಿಟ್ಟು ನೋಡುವ ಮಸೂರ ಇಲ್ಲ. ಕೂದಲಿಗಿಂತ ತೆಳ್ಳನೆಯ ಪ್ಲಾಟಿನಂ ತಂತಿಯನ್ನು ಗಾಜಿನೊಳಗೆ ಸೇರಿಸಿ, ತುದಿಯನ್ನು ಉಜ್ಜಿ ಉಜ್ಜಿ ಮೊನೆ ಮಾಡಿದ ಒಂದು ಸೂಜಿ. ಪಟ್ಟಿಯನ್ನು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಮುಳುಗಿಸಿಟ್ಟರೆ, ಸೂಜಿ ಅದನ್ನು ಮುಟ್ಟದೆ, ಮುಟ್ಟುವಷ್ಟು ಹತ್ತಿರದಲ್ಲಿ ಓಡಾಡುತ್ತದೆ. ಒಂದು ಸಾಲು ಆ ಕಡೆಗೆ, ಒಂದು ಸಾಲು ಈ ಕಡೆಗೆ, ಲಾಳಿ ಓಡಿದ ಹಾಗೆ. ಕೆಳಗೆ ಕಿಣ್ವ ಬದುಕಿದ್ದರೆ ಅಲ್ಲಿ ಪೆರಾಕ್ಸೈಡ್ ಹುಟ್ಟುತ್ತದೆ, ಸೂಜಿಗೆ ಕರೆಂಟು ಸಿಗುತ್ತದೆ, ಪರದೆಯ ಮೇಲೆ ಆ ಚುಕ್ಕೆ ಹಳದಿಯಾಗುತ್ತದೆ. ಸತ್ತಿದ್ದರೆ ಕಪ್ಪು. ಗಂಟೆಗಟ್ಟಲೆ ಓಡಿದ ಮೇಲೆ ಸಾಸಿವೆಯಷ್ಟು ಜಾಗದ ನಕ್ಷೆ ತಯಾರು. ಮೀಟರ್ ಇಡೀ ಪಟ್ಟಿಗೆ ಒಂದು ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಈ ಯಂತ್ರ ಎಲ್ಲಿ ಸತ್ತಿದೆ, ಹೇಗೆ ಸತ್ತಿದೆ ಎಂದು ಹೇಳುತ್ತದೆ. ನನಗೆ ಬೇಕಿದ್ದದ್ದು ಅದೇ.

ಯಾವ ಡಬ್ಬಿ ಯಾವ ಮನೆಯದು ಎಂದು ನನಗೇ ಗೊತ್ತಿರಬಾರದು ಎಂದು ಹಟ ಹಿಡಿದವಳು ನಾನು. ಗೊತ್ತಿದ್ದರೆ ನಾನು ನೋಡಬೇಕೆಂದದ್ದನ್ನೇ ನೋಡುತ್ತೇನೆ. ಹೆಲ್ಮಿ ತಾವೇ ಪಟ್ಟಿಗಳನ್ನು ಬೇರೆ ಡಬ್ಬಿಗಳಿಗೆ ಹಾಕಿ, ಹೊಸ ನಂಬರ್ ಕೊಟ್ಟು, ಯಾವುದು ಎಲ್ಲಿಯದೆಂಬ ವಿವರವನ್ನು ಲಕೋಟೆಗೆ ಹಾಕಿ ಅಂಟಿಸಿ ತಮ್ಮ ಬಳಿ ಇಟ್ಟುಕೊಂಡರು. ಆಗ ಅವರು ಅಂದ “ಯೋ” ಖಂಡಿತ ಒಪ್ಪಿಗೆಯದೇ.

ಸೂಜಿ ಮುರಿದ ದಿನ

ಅಲ್ಲಿ ಹನ್ನೊಂದು ಗಂಟೆಗೆ ಮಧ್ಯಾಹ್ನದ ಊಟ. ನಮ್ಮಲ್ಲಿ ಎರಡನೇ ಕಾಫಿಯ ಹೊತ್ತು. ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬಳೇ ಕೂತು ಸೂಜಿಯನ್ನು ನಾಲ್ಕನೇ ನಂಬರಿನ ಪಟ್ಟಿಯ ಕಡೆಗೆ ಇಳಿಸುತ್ತಿದ್ದೆ. ಹೊಸ ಪಟ್ಟಿಯ ಪದರ ಎಷ್ಟು ದಪ್ಪವೋ ಅಷ್ಟು ಲೆಕ್ಕ ಹಿಡಿದು, ಅದಕ್ಕೆ ಸ್ವಲ್ಪ ಮೇಲೆ ನಿಲ್ಲುವಂತೆ ಹೊಂದಿಸಿದ್ದೆ. ಸೂಜಿ ನಿಲ್ಲಬೇಕಾದ ಜಾಗಕ್ಕೆ ಬರುವ ಮೊದಲೇ ಪದರಕ್ಕೆ ಹೊಕ್ಕಿತು. ಪರದೆಯ ಗೆರೆ ನೆಗೆಯಿತು. ಸದ್ದೇನೂ ಆಗಲಿಲ್ಲ. ಎತ್ತಿ ನೋಡಿದರೆ ಗಾಜಿನ ಮೊನೆ ಹಾರಿಹೋಗಿತ್ತು.

ಹೆಲ್ಮಿ ಬೈಯಲಿಲ್ಲ. ಹೊಸ ಸೂಜಿ ಉಜ್ಜುವುದನ್ನು ಕಲಿಸುತ್ತೇನೆ ಅಂದರು, ಎರಡು ದಿನ ಪಕ್ಕದಲ್ಲಿ ಕೂತು ಕಲಿಸಿದರು. ಬೈದವರು ನಮ್ಮ ಗೈಡ್ ಸರ್, ವೀಡಿಯೋ ಕರೆಯಲ್ಲಿ.

“ಏನಮ್ಮಾ, ಅಲ್ಲಿಗೆ ಹೋಗಿ ಅವರ ಸೂಜಿಯನ್ನೂ ಮುರಿದ್ಯಾ? ಕೈ ಹಿಡಿತ ಇರಬೇಕು ಕಣಮ್ಮ. ನಿಮ್ಮೂರ ಮಂದಿ ಪಟ್ಟಿ ಹಾಳು ಮಾಡಿದರು, ನೀನು ಸೂಜಿ.”

ನಿಮ್ಮೂರ ಮಂದಿ. ಸರ್ ಹುಟ್ಟಿದ್ದು ಹಿರಿಯೂರಿನಲ್ಲಿ, ಒಂದು ಗಂಟೆ ಚಿಲ್ಲರೆ ದಾರಿ. ಪಾಸ್‌ಪೋರ್ಟಿನಲ್ಲಿ ಇಬ್ಬರದೂ ಒಂದೇ ಜಿಲ್ಲೆ.

ಆದರೆ ನನ್ನ ಕೈ ನಡುಗಿರಲಿಲ್ಲ. ಸೂಜಿಯನ್ನು ಇಳಿಸಿದ್ದು ಮೋಟರು, ನಾನು ಬರೀ ಲೆಕ್ಕ ಕೊಟ್ಟವಳು. ಲೆಕ್ಕ ಸರಿಯಿದ್ದು ಸೂಜಿ ಮುರಿದಿದ್ದರೆ ಪದರ ಎತ್ತರವಾಗಿರಬೇಕು. ಹೊಸ ಸೂಜಿಯನ್ನು ಕೂದಲೆಳೆಯಷ್ಟು ದೂರದಿಂದ ಇಳಿಸುತ್ತಾ ಬಂದೆ. ನಾಲ್ಕನೇ ನಂಬರಿನ ಪದರ ದೋಸೆ ಬೊಕ್ಕೆ ಎದ್ದ ಹಾಗೆ ಎದ್ದಿತ್ತು. ಅಂಚು ಕಿತ್ತುಕೊಂಡು ಬಂದಿತ್ತು. ನಕ್ಷೆಯ ನಡುವೆ ಅಲ್ಲಲ್ಲಿ ಹಳದಿ ದ್ವೀಪಗಳು, ಸುತ್ತ ಕಪ್ಪು. ಅದು ತೇವ ಕುಡಿದು ಉಬ್ಬಿದ ಪದರ. ಏಳನೇ ನಂಬರಿನದು ಬೇರೆ ತರಹ. ಪದರ ನೆಟ್ಟಗಿತ್ತು, ಆದರೆ ಮೂಲೆಯಿಂದ ಮೂಲೆಗೆ ಮಂಕು, ಮಬ್ಬು ಕರಿಮಣ್ಣಿನ ಬಣ್ಣ. ಅದು ಬಿಸಿಗೆ ಬೆಂದ ಕಿಣ್ವ.

ಹನ್ನೆರಡು ಪಟ್ಟಿಯ ನಕ್ಷೆ ತೆಗೆಯುವ ಹೊತ್ತಿಗೆ ಫೆಬ್ರವರಿ ಮುಗಿಯುತ್ತಿತ್ತು. ಅಚ್ಚು ಹಾಕಿದ ನಕ್ಷೆಗಳನ್ನು ಮೇಜಿನ ಮೇಲೆ ಎರಡು ಗುಂಪು ಮಾಡಿದೆ, ಉಬ್ಬಿದವು, ಬೆಂದವು. ಒಂದು ನಕ್ಷೆ ಮಾತ್ರ ಎರಡು ಗುಂಪಿಗೂ ಸೇರಲಿಲ್ಲ, ಅಂಚಿನಿಂದ ಅಂಚಿಗೆ ಹಳದಿ, ಜೀವಂತ. ಹೆಲ್ಮಿ ಲಕೋಟೆ ಒಡೆದರು. ಉಬ್ಬಿದವೆಲ್ಲ ಮಗ್ಗದ ಗುಂಡಿ, ನೀರಿನ ಗಡಿಗೆಯ ಪಕ್ಕ. ಬೆಂದವೆಲ್ಲ ಅಟ್ಟ, ತಗಡಿನ ಕೆಳಗಿನ ಗೂಡು. ಬದುಕಿದ್ದ ಒಂದು ಚಳ್ಳಕೆರೆಯ ಎಣ್ಣೆಮಿಲ್ಲಿನ ಸಾಹುಕಾರರ ಮನೆಯದು. ಅದರ ಹಳೆಯ ಡಬ್ಬಿಯ ಮೇಲೆ ನನ್ನದೇ ಅಕ್ಷರ: “ಮಲಗುವ ಕೋಣೆ, ಎ.ಸಿ.”

ನಮ್ಮ ಭಾಷೆಯಲ್ಲಿ ತಂಪು ಅನ್ನುವ ಪದಕ್ಕೆ ತೇವ ಅಂಟಿಕೊಂಡೇ ಇರುತ್ತದೆ. ಒದ್ದೆ ಗೋಣಿಚೀಲ ತಂಪು, ಗಡಿಗೆ ತಂಪು, ನೀರು ಚಿಮುಕಿಸಿದ ನೆಲ ತಂಪು. ಬೇಸಿಗೆಯಲ್ಲಿ ಒಣಗಿದ್ದು ಯಾವುದೂ ತಂಪಲ್ಲ. ಎರಡೂ ಒಟ್ಟಿಗಿರುವ ಜಾಗ ಎ.ಸಿ. ಹಾಕಿಸಿದವರ ಮನೆಯಲ್ಲಿ ಮಾತ್ರ ಇದೆ. ಆದ್ದರಿಂದ ಜನ ಚೀಟಿ ಓದಿ, ತಮ್ಮ ಮನೆಯಲ್ಲಿ ಪಾಲಿಸಲು ಆಗುವ ಅರ್ಧವನ್ನು ಆರಿಸಿಕೊಂಡು, ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಹನ್ನೊಂದು ಮನೆಗಳಲ್ಲಿ ಒಂದರಲ್ಲೂ ಡಬ್ಬಿ ಎಲ್ಲೋ ಬಿದ್ದಿರಲಿಲ್ಲ. ಎಲ್ಲವನ್ನೂ ಯೋಚನೆ ಮಾಡಿಯೇ ಇಟ್ಟಿದ್ದರು. ಇದನ್ನು ಅಜಾಗರೂಕತೆ ಎಂದು ಕರೆಯುವವರಿಗೆ ಕನ್ನಡವೂ ಬರುವುದಿಲ್ಲ, ವಿಜ್ಞಾನವೂ ಬರುವುದಿಲ್ಲ.

ಸೌನಾ

ಫಿನ್‌ಲ್ಯಾಂಡಿನವರು ಮುಖ್ಯವಾದ ಮಾತನ್ನು ಕಚೇರಿಯಲ್ಲಿ ಆಡುವುದಿಲ್ಲ. ಹೆಲ್ಮಿ ತಮ್ಮ ಮನೆಯ ಸೌನಾಕ್ಕೆ ಕರೆದರು. ಮರದ ಹಲಗೆ ಬಡಿದ ಪುಟ್ಟ ಕೋಣೆ, ಮೂಲೆಯಲ್ಲಿ ಕಾದ ಕಲ್ಲುಗಳು, ಎಂಬತ್ತು ಡಿಗ್ರಿ. ಒಳಗೆ ಬಟ್ಟೆ ಹಾಕುವ ಪದ್ಧತಿಯಿಲ್ಲ. ನಾನು ಟವೆಲ್ಲನ್ನು ಎದೆಗೆ ಬಿಗಿದುಕೊಂಡು, ನೆಲ ನೋಡಿಕೊಂಡು ಕೂತೆ. ಹೆಲ್ಮಿ ಸೌಟಿನಲ್ಲಿ ಕಲ್ಲಿನ ಮೇಲೆ ನೀರು ಹುಯ್ದರು, ಹಬೆ ಕಿವಿಗೆ ಕಚ್ಚಿತು.

ಅಲ್ಲೇ ಹೇಳಿದರು. ವರದಿಯಲ್ಲಿ ನಕ್ಷೆಗಳನ್ನೆಲ್ಲ ಹಾಕೋಣ. ಆದರೆ ತೀರ್ಮಾನದಲ್ಲಿ, ಪಟ್ಟಿಗಳನ್ನು ಸೂಚನೆಯಂತೆ ಇಟ್ಟಿರಲಿಲ್ಲ ಎಂದು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ತಪ್ಪು ಜನರದ್ದಾದರೆ ಪಟ್ಟಿ ಪಾಸಾಗುತ್ತದೆ. ಅದೇ ಪದರ, ಅದೇ ಚೀಟಿ, ಮುಂದಿನ ಬೇಸಿಗೆಗೆ ಇಡೀ ಜಿಲ್ಲೆಯ ಮನೆಗಳಿಗೆ ಹೋಗುತ್ತದೆ.

ಸೂಚನೆಯಂತೆಯೇ ಇಟ್ಟಿದ್ದರು ಅಂದೆ. ತಂಪು ಎಂದದ್ದಕ್ಕೆ ತಂಪಿನಲ್ಲಿ, ಒಣ ಎಂದದ್ದಕ್ಕೆ ಒಣ ಕಡೆ.

“ಎರಡೂ ಒಟ್ಟಿಗೆ ಎಂದಲ್ಲವೇ ವಾಕ್ಯದ ಅರ್ಥ? ಅನುವಾದ ಮಾಡಿದವರು ಯಾರು?”

“ನಾನು.”

“ಹಾಗಾದರೆ ಇದು ಅನುವಾದದ ತಪ್ಪು ಇರಬಹುದು,” ಅಂದರು ಹೆಲ್ಮಿ. ವ್ಯಂಗ್ಯವಿರಲಿಲ್ಲ. ಅದೇ ಇನ್ನೂ ಉರಿಸಿತು.

ವೇದಿಕೆಯ ಮೇಲೆ ಎದುರಾಳಿ ಹೀಗೆ ಕುತ್ತಿಗೆಗೆ ಬಂದಾಗ ಅರ್ಧ ಒಪ್ಪಿಕೊಂಡು ಉಳಿದರ್ಧಕ್ಕೆ ತಿರುಗಿ ಬೀಳಬೇಕು. ಒಪ್ಪಿದೆ. ತಂಪು ಎಂದು ಬರೆಯುವಾಗ ನನ್ನ ದೊಡ್ಡವ್ವನ ಮನೆ ನನ್ನ ಕಣ್ಣಮುಂದೆ ಬರಲಿಲ್ಲ, ಪರೀಕ್ಷೆಯ ಇಂಗ್ಲಿಷ್ ಬಂತು. ಅದು ನನ್ನ ತಪ್ಪು, ಬರೆದುಕೊಡುತ್ತೇನೆ. ಆದರೆ ಆ ವಾಕ್ಯವನ್ನು ನೀವು ಎಷ್ಟೇ ಚೆನ್ನಾದ ಕನ್ನಡಕ್ಕೆ ತನ್ನಿ, ಅದು ಹೇಳುವ ಜಾಗ ಆ ಮನೆಗಳಲ್ಲಿ ಇಲ್ಲ. ಇಲ್ಲದ ಜಾಗದಲ್ಲಿ ಇಡಲಿಲ್ಲ ಎಂದು ಯಾರನ್ನು ದೂರುತ್ತೀರಿ? ತಪ್ಪು ಪದರದ್ದು. ಬಿಸಿಯನ್ನೋ ತೇವವನ್ನೋ, ಎರಡರಲ್ಲಿ ಒಂದನ್ನಾದರೂ ತಾಳುವ ಪದರ ಮಾಡಿ, ಆಮೇಲೆ ಚೀಟಿ ಬರೆಯೋಣ.

ಹೆಲ್ಮಿ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹುಯ್ದರು. ಆಮೇಲೆ ಉಸಿರು ಒಳಗೆಳೆದು “ಯೋ” ಅಂದರು. ನಾನು ಗೆದ್ದೆ ಅಂದುಕೊಂಡು ಹೊರಗೆ ಬಂದು ಹಿಮದಲ್ಲಿ ಬರಿಗಾಲಲ್ಲಿ ನಿಂತೆ.

ಮರುದಿನ ಫೋನಿನಲ್ಲಿ ಇದನ್ನೆಲ್ಲ ದೊಡ್ಡವ್ವನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. “ಬೆತ್ಲೆ ಕೂತ್ಕಂಡು ವಾದ ಮಾಡಿದ್ರೇನೇ ಇಬ್ರೂ? ಸರ್ಲೇ ಪೋ, ಹೋಗ್ಲಿ ಬಿಡು, ದೊಡ್ಡ ದೇಶ.”

ವಾರದ ಮೇಲೆ ವರದಿಯ ಕರಡು ಬಂತು. ನಕ್ಷೆಗಳೆಲ್ಲ ಕೊನೆಯ ಪುಟಗಳಲ್ಲಿ ಇದ್ದವು. ತೀರ್ಮಾನದ ಸಾಲನ್ನು ಬರೆದದ್ದು ನಮ್ಮ ಗೈಡ್ ಸರ್: ಬಳಕೆದಾರರ ನಿರ್ವಹಣೆಯ ದೋಷ, ಸರಿಯಾಗಿ ಕಾಪಾಡಿಕೊಂಡ ಮನೆಯಲ್ಲಿ ಪಟ್ಟಿ ಚೆನ್ನಾಗಿಯೇ ಉಳಿದಿದೆ. ಸಾಹುಕಾರರ ಎ.ಸಿ. ಜಾಗರೂಕತೆಯಾಗಿಬಿಟ್ಟಿತ್ತು. ಹೆಲ್ಮಿಯ ಕೋಣೆಗೆ ಹೋಗಿ ಕೇಳಿದೆ. ಅಲ್ಲಿಯ ಬಳಕೆದಾರರನ್ನು ಅಲ್ಲಿಯವರೇ ಚೆನ್ನಾಗಿ ಬಲ್ಲರು, ನಾನು ಹೇಗೆ ತಿದ್ದಲಿ ಅಂದರು. ನಾನೂ ಅಲ್ಲಿಯವಳೇ ಅಂದೆ. “ಯೋ,” ಅಂದರು. ಅದು ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಎಂದಷ್ಟೇ ಅರ್ಥ ಎಂಬುದು ಎರಡು ತಿಂಗಳು ಅವರ ಜೊತೆ ಇದ್ದ ಮೇಲೆ ನನಗೆ ತಿಳಿಯಿತು. ಕರಡಿನ ಮೇಲಿದ್ದ ನನ್ನ ಹೆಸರನ್ನು ಹೊಡೆದುಹಾಕಿ ಅವರ ಮೇಜಿನ ಮೇಲಿಟ್ಟು ಬಂದೆ.

ಏಪ್ರಿಲ್, ದೊಡ್ಡವ್ವನ ಪಡಸಾಲೆ

ಹೊಸ ಡಬ್ಬಿಗಳನ್ನು ಹಂಚಲು ಗೈಡ್ ಸರ್ ತಾವೇ ಮೊಳಕಾಲ್ಮೂರಿಗೆ ಬಂದರು. ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ ಹನ್ನೊಂದೂ ಮನೆಯವರು ಸೇರಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕರೆಯದೆ ಬಂದವಳಂತೆ. ಚೀಟಿ ಅದೇ. ನಾನು ಬರೆದ ಅದೇ ಸಾಲು, ಈ ಸಲ ದಪ್ಪ ಅಕ್ಷರದಲ್ಲಿ.

ಸರ್ ಯಾರನ್ನೂ ಬೈಯಲಿಲ್ಲ, ಸಮಾಧಾನವಾಗಿ ಮಾತಾಡಿದರು. ಹೋದ ಸಲ ಸ್ವಲ್ಪ ಎಡವಟ್ಟಾಯಿತು, ಆಗುತ್ತದೆ, ನಿಮಗೆ ಕೆಲಸಕಾರ್ಯ ಜಾಸ್ತಿ, ಇನ್ನು ಮೇಲೆ ಒಂದಿಷ್ಟು ಜೋಪಾನ ಮಾಡಿ ಅಂದರು. ಚಳ್ಳಕೆರೆಯಲ್ಲೊಬ್ಬರು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರು ಗೊತ್ತೇ, ಅವರೂ ನಿಮ್ಮ ಹಾಗೆಯೇ ಅಂದರು. ಓಬಣ್ಣ ತಪ್ಪು ಮಾಡಿದವನಂತೆ ತಲೆ ಕೆಳಗೆ ಹಾಕಿದ. ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ವಾದವನ್ನು ಶುರು ಮಾಡಲು ಬಾಯಿ ತೆರೆದೆ.

“ನೀ ಸುಮ್ಕಿರೇ ಒಂದೀಟು,” ಅಂದಳು ದೊಡ್ಡವ್ವ.

ಅವಳು ಕಾಲಿನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡು ಎದ್ದಳು. ಸರ್ ಕೊಟ್ಟಿದ್ದ ಹೊಸ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ತಿರುಗಿ ಅವರ ಕೈಯಲ್ಲೇ ಇಟ್ಟಳು. ನಡುಮನೆಯ ಬಾಗಿಲನ್ನು ಪೂರ್ತಿ ತೆರೆದು, ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಒಳಗೆ ಎರಡು ಮಗ್ಗ, ಗಡಿಗೆ, ಒಲೆ, ಮೇಲೆ ತಗಡು, ಎಲ್ಲವೂ ನಿಂತಲ್ಲಿಂದಲೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತು. ಸರ್ ಡಬ್ಬಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತರು, ಕುತ್ತಿಗೆಯ ಬೆವರು ಒರೆಸಿಕೊಂಡರು, ಒಂದು ಸಲ ಮೇಲೆ ನೋಡಿದರು, ಒಂದು ಸಲ ಕೆಳಗೆ.

“ಬರ್ರಿ ಸ್ವಾಮಿ, ಇದೇ ನಮ್ಮನೆ, ಇಷ್ಟೇ ಐತೆ,” ಅಂದಳು ದೊಡ್ಡವ್ವ. “ಓದ್ದೋರು ನೀವು. ನಿಮ್ಮ ಕೈಯಾರೆ ಇಟ್ಟೋಗ್ರಿ, ನಾನು ಅದನ್ನ ಮುಟ್ಟಾದಿಲ್ಲ. ಎಲ್ಲಿಡ್ತೀರಿ?”